ಒರಗುವ ಇಂಗ್ಲಿಷ್: ಲೀನ್, ಲ್ಯಾಡರ್, ಕ್ಲಿನಿಕ್, ಕ್ಲೈಮ್ಯಾಕ್ಸ್

ಲೀನ್, ಲ್ಯಾಡರ್, ಲಿಡ್, ಡಿಕ್ಲೈನ್, ಕ್ಲೈಂಟ್, ಕ್ಲಿನಿಕ್, ಕ್ಲೈಮೇಟ್, ಕ್ಲೈಮ್ಯಾಕ್ಸ್. ಈ ಎಂಟು ಪದಗಳನ್ನು ಸಾಲಾಗಿ ಬರೆದಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ನಂಟಿದೆ ಅಂತ ಯಾರಿಗೂ ಅನಿಸುವುದಿಲ್ಲ. ಆದರೆ ಕ್ಲೈಂಟ್ ಒಂದನ್ನು ಬಿಟ್ಟರೆ ಉಳಿದ ಏಳೂ ‘ಒರಗು, ವಾಲು’ ಎಂಬ ಅರ್ಥದ ಒಂದೇ ಧಾತುವಿಗೆ ಸೇರಿದವು. ಕ್ಲೈಂಟ್ ವಿಚಾರದಲ್ಲಿ ವಿದ್ವಾಂಸರಲ್ಲಿ ತಕರಾರಿದೆ; ಅದು ಸ್ವಾರಸ್ಯದ ತಕರಾರು, ಮುಂದೆ ಬರುತ್ತದೆ. ಈ ಕುಟುಂಬವನ್ನು ಅರಿಯಲು ಕನ್ನಡ ಓದುಗರಿಗೆ ಒಂದು ಅನುಕೂಲವೂ ಉಂಟು. ಆಶ್ರಯ, ಆಶ್ರಿತ, ಉಚ್ಛ್ರಾಯ ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ಇವೂ ಅದೇ ಮನೆಯವು.

ಮೊದಲು ಧ್ವನಿಯ ಲೆಕ್ಕ. ಸಂಸ್ಕೃತ, ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಎಲ್ಲಕ್ಕೂ ತಾಯಿಯಾದ ಇಂಡೋ-ಯುರೋಪಿಯನ್ ಮೂಲಭಾಷೆಗೆ ಭಾಷಾವಿಜ್ಞಾನಿಗಳು ಪುನಾರಚಿಸಿರುವ ಧಾತು ಹೆಚ್ಚುಕಡಿಮೆ ‘ಕ್ಲೆಯ್’. ಗ್ರೀಕ್ ಮತ್ತು ಲ್ಯಾಟಿನ್‌ನಲ್ಲಿ ಕಕಾರ ಹಾಗೇ ಉಳಿಯಿತು: ಗ್ರೀಕ್ ಕ್ಲೀನೈನ್, ಲ್ಯಾಟಿನ್ ಕ್ಲಿನಾರೆ. ಸಂಸ್ಕೃತದಲ್ಲಿ ಆ ಕಕಾರ ಶಕಾರವಾಯಿತು, ಲಕಾರ ರಕಾರವಾಯಿತು. ಸಿಕ್ಕಿದ್ದು ‘ಶ್ರಿ’ ಧಾತು, ಶ್ರಯತಿ ಎಂಬ ಕ್ರಿಯಾಪದ. ಇಂಗ್ಲಿಷ್, ಜರ್ಮನ್ ಸೇರಿರುವ ಜರ್ಮ್ಯಾನಿಕ್ ಭಾಷೆಗಳಲ್ಲಿ ಕಕಾರ ಹಕಾರವಾಯಿತು. ಹಾಗಾಗಿ ಹಳೆಯ ಇಂಗ್ಲಿಷ್‌ನಲ್ಲಿ ಈ ಕ್ರಿಯಾಪದ ‘ಹ್ಲಿನಿಯನ್’ ಅಥವಾ ‘ಹ್ಲೆಯೊನಿಯನ್’. ಮುಂದೆ ಇಂಗ್ಲಿಷ್ ಪದಾದಿಯ ‘ಹ್ಲ’ದಿಂದ ಹಕಾರವನ್ನು ಉದುರಿಸಿಬಿಟ್ಟಿತು. ಉಳಿದದ್ದು ಲೀನ್.

ಇದು ಬರೀ ಊಹೆ ಅಂತ ಅನುಮಾನ ಬಂದರೆ ಇನ್ನೊಂದು ಧಾತುವಿನ ಮೇಲೆ ಇದೇ ಲೆಕ್ಕ ಹಾಕಿ ನೋಡಬಹುದು. ‘ಕೇಳು’ ಎಂಬ ಅರ್ಥದ ಧಾತುವಿನಿಂದ ಗ್ರೀಕ್‌ನಲ್ಲಿ ಕ್ಲುತೋಸ್, ಸಂಸ್ಕೃತದಲ್ಲಿ ಶ್ರುತ, ಹಳೆಯ ಇಂಗ್ಲಿಷ್‌ನಲ್ಲಿ ಹ್ಲೂದ್. ಕೊನೆಯದು ಇವತ್ತಿನ ಲೌಡ್. ಕ್ಲು, ಶ್ರು, ಹ್ಲು ಒಂದು ಸಾಲು; ಕ್ಲಿ, ಶ್ರಿ, ಹ್ಲಿ ಇನ್ನೊಂದು ಸಾಲು. ವ್ಯಂಜನಗಳು ಎರಡರಲ್ಲೂ ಒಂದೇ ರೀತಿ ಬದಲಾಗಿವೆ. ವ್ಯುತ್ಪತ್ತಿಯನ್ನು ನಂಬಬೇಕಾದದ್ದು ಇಂಥ ಸಾಲು ಸಿಕ್ಕಾಗ. ಎರಡು ಪದ ಒಂದೇ ಥರ ಕೇಳಿಸುತ್ತವೆ ಅಂದ ಮಾತ್ರಕ್ಕೆ ನಂಬಿದರೆ ಮೋಸ ಹೋಗುವುದೇ ಹೆಚ್ಚು. ಉದಾಹರಣೆಗೆ ‘ಶ್ರೀ’. ಎಲ್ಲರಿಗೂ ಆಶ್ರಯವಾದವಳು ಎಂದು ಸಂಪ್ರದಾಯ ಅದನ್ನೂ ಶ್ರಿ ಧಾತುವಿನಿಂದ ಸಾಧಿಸುತ್ತದೆ. ಆದರೆ ತೌಲನಿಕ ಭಾಷಾವಿಜ್ಞಾನ ಕಾಂತಿ, ಸೊಬಗು ಎಂಬ ಅರ್ಥದ ಆ ಪದವನ್ನು ಬೇರೆ ಮೂಲಕ್ಕೇ ಸೇರಿಸುತ್ತದೆ.

ಇಂಗ್ಲೆಂಡಿನ ಲಡ್‌ಲೋ ಎಂಬ ಊರಿನ ಹೆಸರಲ್ಲಿ ಈ ಎರಡು ಸಾಲೂ ಒಟ್ಟಿಗೆ ಕೂತಿವೆ. ‘ಹ್ಲೂದ್’ ಅಂದರೆ ಸದ್ದು ಮಾಡುವ ಹೊಳೆ, ‘ಹ್ಲಾವ್’ ಅಂದರೆ ದಿಬ್ಬ. ಭೋರ್ಗರೆವ ನೀರಿನ ಪಕ್ಕದ ದಿಬ್ಬವೇ ಲಡ್‌ಲೋ. ದಿಬ್ಬ ಎಂಬ ಅರ್ಥದ ಈ ‘ಲೋ’ ಕೂಡ ಒರಗುವ ಧಾತುವಿನದೇ, ಇಳಿಜಾರಾದದ್ದು ಎಂಬ ಭಾವ. ಸ್ಕಾಟ್ಲೆಂಡಿನಲ್ಲಿ ಅದೇ ಪದ ‘ಲಾ’ ಆಗಿ ಗುಡ್ಡಗಳ ಹೆಸರಲ್ಲಿ ಉಳಿದಿದೆ, ನಾರ್ತ್ ಬೆರಿಕ್ ಲಾ ಇದ್ದ ಹಾಗೆ. ಕಾನೂನು ಎಂಬ ಅರ್ಥದ ಲಾ ಬೇರೆ, ತಗ್ಗು ಎಂಬ ಅರ್ಥದ ಲೋ ಕೂಡ ಬೇರೆ. ತಗ್ಗಿನ ಲೋ ಸ್ಕ್ಯಾಂಡಿನೇವಿಯಾದಿಂದ ಬಂದದ್ದು.

ಏಣಿ, ಮುಚ್ಚಳ

ಲ್ಯಾಡರ್ ಹಳೆಯ ಇಂಗ್ಲಿಷ್‌ನಲ್ಲಿ ‘ಹ್ಲ್ಯಾಡರ್’. ಒರಗಿಸಿ ಇಡುವ ವಸ್ತು ಎಂಬುದೇ ಅದರ ಅರ್ಥ. ಗ್ರೀಕರಿಗೂ ಏಣಿ ಹೀಗೇ ಕಂಡಿತ್ತು, ಅವರ ಏಣಿಯ ಹೆಸರು ಕ್ಲೀಮ್ಯಾಕ್ಸ್. ಸಂಸ್ಕೃತದಲ್ಲಿ ಏಣಿಗೆ ನಿಃಶ್ರಯಣಿ, ನಿಃಶ್ರೇಣಿ ಎಂಬ ಹೆಸರುಗಳಿವೆ, ಅವೂ ಶ್ರಿ ಧಾತುವಿನವೇ. ಅದರ ತದ್ಭವವೇ ಹಳಗನ್ನಡದ ನಿಚ್ಚಣಿಕೆ. ಮೂರು ಭಾಷೆಗಳು ಬೇರೆ ಬೇರೆ ಪ್ರತ್ಯಯ ಹಚ್ಚಿ, ಒಂದೇ ಧಾತುವಿನಿಂದ ಏಣಿಯ ಹೆಸರು ಕಟ್ಟಿಕೊಂಡಿವೆ. ಅದರಲ್ಲಿ ಆಶ್ಚರ್ಯವೂ ಇಲ್ಲ ಅನ್ನಿ: ಗೋಡೆಗೆ ಒರಗಿಸದ ಹೊರತು ಆ ವಸ್ತುವಿನಿಂದ ಕೆಲಸವೇ ಇಲ್ಲ. ಇವತ್ತಿಗೂ ಏಣಿಯ ಸುರಕ್ಷತೆ ಅಂದರೆ ಒರಗುವ ಕೋನದ ಮಾತೇ. ಒರಗುವ ಬಿಂದು ನೆಲದಿಂದ 4 ಅಡಿ ಎತ್ತರದಲ್ಲಿದ್ದರೆ ಬುಡ ಗೋಡೆಯಿಂದ 1 ಅಡಿ ದೂರ, 8 ಅಡಿಗೆ 2 ಅಡಿ. ನೆಲದ ಜೊತೆ ಸುಮಾರು 75 ಡಿಗ್ರಿ ಕೋನ. ಇದಕ್ಕಿಂತ ನೆಟ್ಟಗಾದರೆ ಹತ್ತಿದವರು ಹಿಂದಕ್ಕೆ ಬೀಳುತ್ತಾರೆ, ಹೆಚ್ಚು ಓರೆಯಾದರೆ ಬುಡ ಜಾರುತ್ತದೆ.

ಲಿಡ್ ಹಳೆಯ ಇಂಗ್ಲಿಷ್‌ನ ‘ಹ್ಲಿದ್’. ಮುಚ್ಚಳ, ಬಾಗಿಲು ಎರಡಕ್ಕೂ ಅದೇ ಮಾತು ಸಲ್ಲುತ್ತಿತ್ತು. ಬಾಗಿ ಬಂದು ಕವಿದುಕೊಳ್ಳುವುದು ಎಂಬ ಭಾವ. ಕಣ್ಣಿನ ರೆಪ್ಪೆ ಐಲಿಡ್ ಆದದ್ದು ಹೀಗೆ.

ಲೀನ್ ಕ್ರಿಯಾಪದದ ಬಳಕೆಯಲ್ಲಿ ಎಡವುವ ಜಾಗಗಳು ಮೂರು. ಮೊದಲನೆಯದು ಭೂತಕಾಲ. ಲೀನ್ಡ್ ಎಲ್ಲ ಕಡೆ ನಡೆಯುತ್ತದೆ. ಬ್ರಿಟಿಷ್ ಬಳಕೆಯಲ್ಲಿ ಇನ್ನೊಂದು ರೂಪವೂ ಇದೆ, ಅದರ ಉಚ್ಚಾರ ಲೆಂಟ್, ‘ಸಾಲ ಕೊಟ್ಟ’ ಎಂಬ ಅರ್ಥದ ಲೆಂಟ್ ಇದ್ದಂತೆಯೇ. ಎರಡನೆಯದು ಜೊತೆಗೆ ಬರುವ ಪದ. ನಾವು ‘ಗೋಡೆಗೆ ಒರಗು’ ಅನ್ನುತ್ತೇವೆ, ಚತುರ್ಥಿಯ ‘ಗೆ’ ಮನಸ್ಸಿನಲ್ಲಿ ಇರುವುದರಿಂದ ‘ಲೀನ್ ಟು ದ ವಾಲ್’ ಎಂದು ಬಾಯಿಗೆ ಬಂದುಬಿಡುತ್ತದೆ. ಸರಿಯಾದದ್ದು ‘ಲೀನ್ ಅಗೇನ್‌ಸ್ಟ್ ದ ವಾಲ್’. ಮೇಜು, ಕೋಲು, ಇನ್ನೊಬ್ಬರ ಭುಜದ ಮೇಲೆ ಭಾರ ಬಿಟ್ಟರೆ ‘ಲೀನ್ ಆನ್’. ಇದೇ ಮಾತು ‘ಒಬ್ಬರನ್ನು ನೆಚ್ಚಿಕೊಳ್ಳು’ ಎಂಬ ಅರ್ಥಕ್ಕೂ, ಆಡುಮಾತಿನಲ್ಲಿ ‘ಒತ್ತಡ ಹಾಕು’ ಎಂಬ ಅರ್ಥಕ್ಕೂ ಹೋಗುತ್ತದೆ. ಈ ಎರಡು ಅರ್ಥ ಹೆಚ್ಚುಕಡಿಮೆ ತದ್ವಿರುದ್ಧ, ಸಂದರ್ಭ ನೋಡದೆ ಹೇಳಲಾಗದು. ಮನಸ್ಸು ಒಂದು ಕಡೆ ವಾಲುತ್ತಿದ್ದರೆ ‘ಲೀನ್ ಟುವರ್ಡ್ಸ್’. ‘ಲೀನ್-ಟು’ ಎಂಬುದು ನಾಮಪದವಾಗಿ ಇದೆ, ಅದು ದೊಡ್ಡ ಕಟ್ಟಡದ ಗೋಡೆಗೆ ಆನಿಸಿ ಕಟ್ಟಿದ, ಒಂದೇ ಕಡೆ ಇಳಿಜಾರಿರುವ ಮಾಡು.

ಮೂರನೆಯದು ತೆಳ್ಳಗಿನ ಲೀನ್. ಕೊಬ್ಬಿಲ್ಲದ, ಸಣಕಲು ಎಂಬ ಅರ್ಥದ ವಿಶೇಷಣಕ್ಕೂ ಒರಗುವ ಕ್ರಿಯಾಪದಕ್ಕೂ ಸಂಬಂಧವಿದೆ ಎಂಬುದು ಖಚಿತವಿಲ್ಲ. ಅದರ ಹಳೆಯ ರೂಪ ‘ಹ್ಲ್ಯಾನೆ’, ಬೇರೆಯೇ ಪದ. ಹಕಾರ ಉದುರಿ, ಸ್ವರ ಬದಲಾಗಿ ಎರಡೂ ಒಂದೇ ಕಾಗುಣಿತಕ್ಕೆ ಬಂದು ಕೂತವು. ಕಾರ್ಖಾನೆಗಳಲ್ಲಿ ಕೇಳಿಬರುವ ‘ಲೀನ್ ಪ್ರೊಡಕ್ಷನ್’ ಈ ತೆಳ್ಳಗಿನ ಲೀನ್. ಜಾನ್ ಕ್ರಾಫ್ಚಿಕ್ 1988ರಲ್ಲಿ ಆ ಹೆಸರನ್ನು ಬಳಕೆಗೆ ತಂದದ್ದು, ದಾಸ್ತಾನಿನ ಬೊಜ್ಜಿಲ್ಲದ ಉತ್ಪಾದನೆ ಎಂಬ ಅರ್ಥದಲ್ಲಿ. ಅದನ್ನು ‘ಒರಗುವ ಉತ್ಪಾದನೆ’ ಎಂದು ಅನುವಾದಿಸಿದರೆ ನಗೆಪಾಟಲು.

ಲ್ಯಾಟಿನ್ ಉಪಸರ್ಗಗಳ ಕೆಲಸ

ಕ್ಲಿನಾರೆ ಲ್ಯಾಟಿನ್‌ನಲ್ಲಿ ಒಂಟಿಯಾಗಿ ಸಿಗುವುದು ಅಪರೂಪ, ಉಪಸರ್ಗದ ಜೊತೆಗೇ ಓಡಾಡುತ್ತದೆ. ಇನ್ ಸೇರಿದರೆ ಒಂದರ ಕಡೆಗೆ ಬಾಗುವುದು, ಡೀ ಸೇರಿದರೆ ಒಂದರಿಂದ ಆಚೆಗೆ ಬಾಗುವುದು, ರೀ ಸೇರಿದರೆ ಹಿಂದಕ್ಕೆ ಒರಗುವುದು. ಶ್ರಿ ಧಾತುವಿಗೂ ಇದೇ ಪಾಡು. ಆ ಸೇರಿ ಆಶ್ರಯ. ಪ್ರ ಸೇರಿ ಪ್ರಶ್ರಯ, ಅಂದರೆ ಮುಂದಕ್ಕೆ ಬಾಗಿದ ವಿನಯ. ಉತ್ ಸೇರಿ ಉಚ್ಛ್ರಾಯ, ಮೇಲಕ್ಕೆ ಎತ್ತಿ ನಿಲ್ಲಿಸಿದ ಸ್ಥಿತಿ.

ಇನ್‌ಕ್ಲೈನ್ ಕ್ರಿಯಾಪದವಾದಾಗ ಒತ್ತು ಎರಡನೇ ಅಕ್ಷರದ ಮೇಲೆ. ಇಳಿಜಾರು ಎಂಬ ನಾಮಪದವಾದಾಗ ಒತ್ತು ಸಾಮಾನ್ಯವಾಗಿ ಮೊದಲ ‘ಇನ್’ ಮೇಲೆ. ಡಿಕ್ಲೈನ್‌ನಲ್ಲಿ ಈ ಆಟವಿಲ್ಲ, ನಾಮಪದವೋ ಕ್ರಿಯಾಪದವೋ ಒತ್ತು ಎರಡನೆಯದರ ಮೇಲೇ. ಮನಸ್ಸಿನ ಒಲವು ಹೇಳಬೇಕಾದಾಗ ‘ಐ ಆಮ್ ಇನ್‌ಕ್ಲೈನ್ಡ್ ಟು ಅಗ್ರೀ’ ಸಹಜವಾದ ರೂಪ. ‘ಐ ಆಮ್ ಇನ್‌ಕ್ಲೈನಿಂಗ್ ಟು ಅಗ್ರೀ’ ಕಿವಿಗೆ ಒಗ್ಗುವುದಿಲ್ಲ. ಪೂರ್ತಿ ಒಪ್ಪಿಲ್ಲ, ಆದರೆ ಒಪ್ಪುವ ಕಡೆಗೇ ಇದ್ದೇನೆ ಎಂಬ ಅರೆಮನಸ್ಸಿನ ಸೌಜನ್ಯ ಅದರಲ್ಲಿದೆ. ಡಿಸ್‌ಇನ್‌ಕ್ಲೈನ್ಡ್ ಅದಕ್ಕಿಂತ ತಣ್ಣಗಿನ ಮಾತು, ‘ಇಷ್ಟವಿಲ್ಲ’ ಎಂಬುದನ್ನು ಮುಖಕ್ಕೆ ಹೊಡೆಯದಂತೆ ಹೇಳುವುದು.

ಡಿಕ್ಲೈನ್‌ಗೆ ಎರಡು ಮುಖ. ಒಂದು ಕುಸಿತ, ಇಳಿಮುಖ. ಇನ್ನೊಂದು ನಯವಾದ ನಿರಾಕರಣೆ, ಆಹ್ವಾನದಿಂದ ಪಕ್ಕಕ್ಕೆ ಬಾಗಿ ಸರಿದುಕೊಳ್ಳುವುದು. ರೆಫ್ಯೂಸ್ ಅಂದರೆ ಖಡಾಖಂಡಿತ ‘ಆಗೋದಿಲ್ಲ’, ರಿಜೆಕ್ಟ್ ಅಂದರೆ ನೋಡಿ ತಿರಸ್ಕರಿಸಿದ್ದು, ಡಿನೈ ಅಂದರೆ ಆರೋಪವನ್ನು ಅಲ್ಲಗಳೆದದ್ದು ಅಥವಾ ಅನುಮತಿ ಕೊಡದೆ ಇದ್ದದ್ದು. ‘ಹೀ ಡಿನೈಡ್ ದ ಇನ್ವಿಟೇಷನ್’ ಎಂದು ಬರೆದರೆ ಆಹ್ವಾನ ಬಂದೇ ಇಲ್ಲ ಎಂದು ಅವನು ವಾದಿಸಿದ ಹಾಗಾಗುತ್ತದೆ. ಅಲ್ಲಿ ಬೇಕಾದದ್ದು ಡಿಕ್ಲೈನ್ಡ್. ಅದರ ಮುಂದೆ ನಾಮಪದ ಬಂದರೆ ‘ಟು’ ಬೇಡ. ಕ್ರಿಯಾಪದ ಬಂದರೆ ಬೇಕು, ‘ಡಿಕ್ಲೈನ್ಡ್ ಟು ಕಾಮೆಂಟ್’ ಎನ್ನುವ ಹಾಗೆ.

ಡಿಕ್ಲೈನ್ ಮಾತಿನಿಂದ ಹುಟ್ಟಿದ ಡಿಕ್ಲೆನ್ಷನ್, ಡಿಕ್ಲಿನೇಷನ್ ಎರಡನ್ನೂ ಕಲಸಿಕೊಳ್ಳಬಾರದು. ಡಿಕ್ಲೆನ್ಷನ್ ವ್ಯಾಕರಣದ್ದು, ನಾಮಪದ ವಿಭಕ್ತಿಗಳಲ್ಲಿ ರೂಪ ಬದಲಿಸುವುದು. ಇದರ ಹಿಂದೆ ಗ್ರೀಕ್ ವೈಯಾಕರಣರ ಒಂದು ಚಿತ್ರ ಇದೆ. ಕರ್ತೃರೂಪ ನೆಟ್ಟಗೆ ನಿಂತ ಪದ, ಉಳಿದ ವಿಭಕ್ತಿಗಳೆಲ್ಲ ಅದರಿಂದ ವಾಲಿ ಬಿದ್ದವು. ವಿಭಕ್ತಿಯನ್ನು ಗ್ರೀಕರು ‘ಪ್ತೋಸಿಸ್’ ಅಂದರು, ಅಂದರೆ ಬೀಳುವಿಕೆ. ರೋಮನ್ನರು ಅದನ್ನು ‘ಕಾಸುಸ್’ ಎಂದು ಅನುವಾದಿಸಿದರು, ಅದರ ಅರ್ಥವೂ ಬೀಳುವಿಕೆಯೇ. ಇಂಗ್ಲಿಷ್ ವ್ಯಾಕರಣದ ಕೇಸ್ ಅಲ್ಲಿಂದ ಬಂತು. ಕರ್ತೃ ಬಿಟ್ಟು ಉಳಿದವುಗಳಿಗೆ ‘ಆಬ್ಲೀಕ್ ಕೇಸ್’, ಓರೆ ವಿಭಕ್ತಿ, ಎಂಬ ಹೆಸರು ಇಂದಿಗೂ ಇದೆ. ವಿಭಕ್ತಿ ಅಂದರೆ ವಿಭಾಗ ಎಂದು ನೋಡಿದ ನಮ್ಮ ವೈಯಾಕರಣರಿಗೆ ಈ ಬೀಳುವ ಚಿತ್ರ ಹೊಳೆದೇ ಇರಲಿಲ್ಲ.

ಡಿಕ್ಲಿನೇಷನ್ ಅಳತೆಯ ಮಾತು. ಖಗೋಳದಲ್ಲಿ ಆಕಾಶದ ವಿಷುವದ್ವೃತ್ತದಿಂದ ನಕ್ಷತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಡಿಗ್ರಿ ದೂರ ಎಂಬುದು ಅದರ ಡಿಕ್ಲಿನೇಷನ್, ನಾವು ಕ್ರಾಂತಿ ಎನ್ನುವುದು. ಸೂರ್ಯನದು ಹೆಚ್ಚೆಂದರೆ 23.4 ಡಿಗ್ರಿ, ಭೂಮಿಯ ಅಕ್ಷ ಅಷ್ಟು ವಾಲಿರುವುದರಿಂದ. ದಿಕ್ಸೂಚಿಯ ವಿಚಾರಕ್ಕೆ ಬಂದರೆ ಅದೇ ಪದಕ್ಕೆ ಬೇರೆ ಅರ್ಥ: ಮುಳ್ಳು ತೋರಿಸುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ಕೋನ. ಅದೇ ಮುಳ್ಳು ನೆಲದ ಕಡೆಗೆ ತಲೆ ಬಾಗಿಸುವ ಕೋನ ಇನ್‌ಕ್ಲಿನೇಷನ್, ಅಂದರೆ ಡಿಪ್. ಕಾಂತೀಯ ವಿಷುವದ್ರೇಖೆಯ ಮೇಲೆ ಅದು ಸೊನ್ನೆ, ಕಾಂತೀಯ ಧ್ರುವದಲ್ಲಿ 90 ಡಿಗ್ರಿ. ಉಪಗ್ರಹದ ಕಕ್ಷೆ ವಿಷುವದ್ರೇಖೆಯ ತಲಕ್ಕೆ ಎಷ್ಟು ಓರೆ ಎಂಬುದಕ್ಕೂ ಇನ್‌ಕ್ಲಿನೇಷನ್ ಎಂದೇ ಹೆಸರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ್ದು 51.6 ಡಿಗ್ರಿ.

ಇನ್ನು ಕ್ಲೈಂಟ್. ಲ್ಯಾಟಿನ್ ‘ಕ್ಲಿಯೆನ್ಸ್’ ರೋಮಿನಲ್ಲಿ ಗಿರಾಕಿಯ ಹೆಸರಾಗಿರಲಿಲ್ಲ. ಪಾತ್ರೋನುಸ್ ಎಂಬ ಪ್ರಬಲನ ನೆರಳಿನಲ್ಲಿ ಬದುಕುವವನು, ಬೆಳಗ್ಗೆ ಅವನ ಮನೆಯ ಬಾಗಿಲಿಗೆ ಹೋಗಿ ನಮಸ್ಕರಿಸುವವನು, ಬದಲಿಗೆ ನ್ಯಾಯಾಲಯದಲ್ಲಿ ರಕ್ಷಣೆ ಪಡೆಯುವವನು ಕ್ಲಿಯೆನ್ಸ್. ಒಂದು ಪಂಗಡದ ವಿದ್ವಾಂಸರು ಇದನ್ನು ಒರಗುವ ಧಾತುವಿಗೆ ಸೇರಿಸುತ್ತಾರೆ: ಇನ್ನೊಬ್ಬನಿಗೆ ಒರಗಿದವನು, ನಮ್ಮ ಆಶ್ರಿತ. ಇನ್ನೊಂದು ಪಂಗಡ ಕೇಳುವ ಧಾತುವಿಗೆ ಸೇರಿಸುತ್ತದೆ: ಹೇಳಿದ ಮಾತು ಕೇಳುವವನು. ಮೇಲೆ ಹೇಳಿದ ಶ್ರಿ, ಶ್ರು ಎರಡು ಸಾಲುಗಳ ನಡುವೆ ಈ ಪದ ಸಿಕ್ಕಿಹಾಕಿಕೊಂಡಿದೆ. ಅರ್ಥದ ಮಟ್ಟಿಗೆ ಆಶ್ರಿತ ಎಂಬುದೇ ಹೆಚ್ಚು ಹೊಂದುತ್ತದೆ ಎಂದು ನನ್ನ ಎಣಿಕೆ, ಆದರೆ ವ್ಯುತ್ಪತ್ತಿಯಲ್ಲಿ ಅರ್ಥದ ಹೊಂದಿಕೆ ಅರ್ಧ ಸಾಕ್ಷಿ ಅಷ್ಟೆ. ಇಂಗ್ಲಿಷ್‌ಗೆ 14ನೇ ಶತಮಾನದ ಕೊನೆಗೆ ಬಂದಾಗ ಅದು ವಕೀಲರ ಕಕ್ಷಿದಾರನ ಹೆಸರಾಗಿತ್ತು, ರಕ್ಷಣೆಯ ಹಳೆಯ ವಾಸನೆ ಇನ್ನೂ ಉಳಿದಿತ್ತು. ಇವತ್ತು ಕ್ಲೈಂಟ್ ಬಂದರೆ ಎದ್ದು ನಿಲ್ಲುವವರು ನಾವು. ಯಾರು ಯಾರಿಗೆ ಒರಗಿದ್ದಾರೆ ಎಂಬುದು ತಲೆಕೆಳಗಾಗಿದೆ. ಕಂಪ್ಯೂಟರ್‌ನವರ ಕ್ಲೈಂಟ್-ಸರ್ವರ್ ಮಾತ್ರ ಹಳೆಯ ಅರ್ಥಕ್ಕೆ ಹತ್ತಿರ, ಅಲ್ಲಿ ಕ್ಲೈಂಟ್ ಕೈಚಾಚುತ್ತದೆ, ಸರ್ವರ್ ಕೊಡುತ್ತದೆ.

ಗ್ರೀಕ್ ಹಾಸಿಗೆ, ಗ್ರೀಕ್ ಇಳಿಜಾರು

ಒರಗುವ ಜಾಗ ಹಾಸಿಗೆ, ಗ್ರೀಕ್‌ನಲ್ಲಿ ಕ್ಲೀನೆ. ಹಾಸಿಗೆಯ ಪಕ್ಕದಲ್ಲಿ ನಿಂತು ಮಾಡುವ ಚಿಕಿತ್ಸೆ ‘ಕ್ಲಿನಿಕೆ’. 17ನೇ ಶತಮಾನದ ಇಂಗ್ಲಿಷ್‌ನಲ್ಲಿ ಕ್ಲಿನಿಕ್ ಅಂದರೆ ಹಾಸಿಗೆ ಹಿಡಿದ ರೋಗಿ ಎಂಬ ಅರ್ಥವೂ ಇತ್ತು. ಕ್ಲಿನಿಕಲ್ ಅಂದರೆ ಮೂಲದಲ್ಲಿ ‘ರೋಗಿಯ ಮಗ್ಗುಲಲ್ಲಿ ಕೂತು ನೋಡಿದ್ದು’. ಭಾವವೇ ಇಲ್ಲದ, ತಣ್ಣಗಿನ ಎಂಬ ಅರ್ಥ ಅದಕ್ಕೆ 20ನೇ ಶತಮಾನದಲ್ಲಿ ಅಂಟಿಕೊಂಡಿತು, ಪದಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಕಷ್ಟ. ಪಾಲಿಕ್ಲಿನಿಕ್‌ನಲ್ಲೂ ಒಂದು ತಿರುವಿದೆ. ಬಹು ಎಂಬ ಅರ್ಥದ ಪಾಲಿ ಅದರಲ್ಲಿ ಮೊದಲು ಇರಲೇ ಇಲ್ಲ. ಅದು ಪೋಲಿಸ್, ಅಂದರೆ ನಗರ. ನಗರದ ಜನರಿಗೆ ಇರುವ ಚಿಕಿತ್ಸೆ ಎಂಬ ಜರ್ಮನ್ ಪದ. ಹಲವು ವಿಭಾಗಗಳು ಒಂದೇ ಕಡೆ ಇರುವುದನ್ನು ಕಂಡು ಜನ ಕಾಗುಣಿತವನ್ನೇ ‘ಬಹು’ವಿಗೆ ತಿರುಗಿಸಿದರು.

ರೋಮನ್ನರ ಊಟದ ಕೋಣೆ ಟ್ರಿಕ್ಲಿನಿಯಮ್, ಮೂರು ಮಂಚದ ಮನೆ. ಮೂರು ಕಡೆ ಮಂಚ, ಒಂದೊಂದರ ಮೇಲೆ ಮೂವರು, ಒಟ್ಟು 9 ಜನ. ನಾಲ್ಕನೇ ಬದಿ ಬಡಿಸುವವರಿಗೆ ಬಿಟ್ಟದ್ದು. ಎಡ ಮೊಣಕೈಗೆ ಭಾರ ಕೊಟ್ಟು ಒರಗುತ್ತಿದ್ದರು, ಬಲಗೈ ಊಟಕ್ಕೆ.

ಕ್ಲೈಮೇಟ್ ಇಳಿಜಾರಿನಿಂದ ಹುಟ್ಟಿದ್ದು. ಗ್ರೀಕ್ ‘ಕ್ಲಿಮಾ’ ಅಂದರೆ ಓರೆ, ಬಾಗು. ಉತ್ತರಕ್ಕೆ ಹೋದ ಹಾಗೆ ಆಕಾಶದ ಧ್ರುವ ಮೇಲೇರುತ್ತದೆ, ಬೇಸಗೆಯ ಹಗಲು ಉದ್ದವಾಗುತ್ತದೆ. ಭೂಮಿ ಧ್ರುವದ ಕಡೆಗೆ ಬಾಗಿದೆ ಎಂದು ಅವರು ಇದನ್ನು ಕಂಡರು. ವರ್ಷದ ಅತಿ ಉದ್ದದ ಹಗಲು ಎಷ್ಟು ಗಂಟೆ ಎಂಬುದರ ಮೇಲೆ ಜನವಸತಿಯ ಭೂಮಿಯನ್ನು ಏಳು ಕ್ಲಿಮಾಗಳಾಗಿ ಹಂಚಿದರು: ನೈಲ್ ನದಿಯ ದಡದ ಮೆರೋಯೆ 13 ಗಂಟೆ, ಸೈಯೀನ್ 13.5, ಅಲೆಕ್ಸಾಂಡ್ರಿಯಾ 14, ರೋಡ್ಸ್ 14.5, ಹೀಗೆ ಅರ್ಧರ್ಧ ಗಂಟೆ ಏರುತ್ತ ಕಪ್ಪು ಸಮುದ್ರದ ಉತ್ತರಕ್ಕಿರುವ ಬೊರಿಸ್ಥೆನಿಸ್ ನದಿಯ ಮುಖದಲ್ಲಿ 16. ಇಲ್ಲಿ ಮಳೆಯ ಮಾತೂ ಇಲ್ಲ, ಸೆಕೆಯ ಮಾತೂ ಇಲ್ಲ. ಕ್ಲೈಮೇಟ್ ಅಂದರೆ ಅಕ್ಷಾಂಶದ ಒಂದು ಪಟ್ಟಿ ಅಷ್ಟೆ. ಆ ಪಟ್ಟಿಯ ಹವೆ ಎಂಬ ಅರ್ಥ ಇಂಗ್ಲಿಷ್‌ನಲ್ಲಿ ಗಟ್ಟಿಯಾದದ್ದು ಸುಮಾರು 1600ರ ಹೊತ್ತಿಗೆ. ಅರಬ್ಬಿಗೆ ಹೋದ ಅದೇ ಕ್ಲಿಮಾ ‘ಇಕ್ಲೀಮ್’ ಆಗಿ ಪ್ರಾಂತ ಎಂಬ ಅರ್ಥದಲ್ಲಿ ನಿಂತಿತು.

ಕ್ಲೈಮ್ಯಾಕ್ಸ್ ಅಂದರೆ ಏಣಿ ಎಂದು ಆಗಲೇ ಹೇಳಿದೆ. ಆದರೆ ಏಣಿಯ ತುದಿ ಎಂಬ ಅರ್ಥ ತಡವಾಗಿ ಬಂದದ್ದು, 18ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೂ ಮುಂಚೆ ಅದು ಅಲಂಕಾರಶಾಸ್ತ್ರದ ಪದ, ಇಡೀ ಏಣಿಗೇ ಆ ಹೆಸರು. ಒಂದು ವಾಕ್ಯದ ಕೊನೆಯ ಪದವನ್ನು ಹಿಡಿದು ಮುಂದಿನ ವಾಕ್ಯ ಶುರುವಾಗಬೇಕು, ಮೆಟ್ಟಿಲ ಮೇಲೆ ಮೆಟ್ಟಿಲು: ಕುತೂಹಲದಿಂದ ಪ್ರಶ್ನೆ, ಪ್ರಶ್ನೆಯಿಂದ ಹುಡುಕಾಟ, ಹುಡುಕಾಟದಿಂದ ತಿಳಿವು. ನಮ್ಮ ಅಲಂಕಾರಶಾಸ್ತ್ರ ಓದಿದವರು ಇದನ್ನು ಕಾರಣಮಾಲೆ ಎಂದು ತಕ್ಷಣ ಗುರುತಿಸುತ್ತಾರೆ. ಕಡೆಕಡೆಗೆ ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಎತ್ತರ ಎಂಬ ಅಂಶ ಮುಂದೆ ಬಂತು, ಅದು ನಮ್ಮ ಸಾರಾಲಂಕಾರಕ್ಕೆ ಹತ್ತಿರ. ಅದಾದ ಮೇಲೆ ಕೊನೆಯ ಮೆಟ್ಟಿಲೊಂದೇ ಉಳಿಯಿತು. ಹಾಗಾಗಿ ಸಿನಿಮಾದ ಕ್ಲೈಮ್ಯಾಕ್ಸ್‌ಗೂ ಸಾಮ್ರಾಜ್ಯದ ಉಚ್ಛ್ರಾಯ ಕಾಲಕ್ಕೂ ಧಾತು ಒಂದೇ.

ಕಾಗುಣಿತದ ಒಂದು ತೊಡಕು ಇಲ್ಲೇ ಬಿಡಿಸಬಹುದು. ಕ್ಲೈಮ್ಯಾಟಿಕ್ ಅಂದರೆ ಹವಾಮಾನದ್ದು, ಕ್ಲೈಮ್ಯಾಕ್ಟಿಕ್ ಅಂದರೆ ಪರಾಕಾಷ್ಠೆಯದ್ದು. ಕ್ಲಿಮಾ ಎಂಬ ಗ್ರೀಕ್ ಪದಕ್ಕೆ ಷಷ್ಠಿಯಲ್ಲಿ ‘ಕ್ಲಿಮಾತೋಸ್’, ಅದಕ್ಕೇ ಬರೀ ತಕಾರ. ಕ್ಲೀಮ್ಯಾಕ್ಸ್‌ಗೆ ‘ಕ್ಲೀಮಾಕೋಸ್’, ಅದಕ್ಕೇ ಕಕಾರ. ‘ಕ್ಲೈಮ್ಯಾಟಿಕ್ ಸೀನ್’ ಎಂದು ಬರೆದರೆ ತೆರೆಯ ಮೇಲೆ ಮಳೆ ಬರುತ್ತಿರಬೇಕು.

ಏಣಿಯ ಮೆಟ್ಟಿಲಿಗೆ ಗ್ರೀಕ್‌ನಲ್ಲಿ ಕ್ಲಿಮಾಕ್ತೇರ್. ಪ್ರತಿ ಏಳನೇ ವರ್ಷ ಬದುಕಿನ ಅಪಾಯದ ಮೆಟ್ಟಿಲು ಎಂದು ಪ್ರಾಚೀನರ ನಂಬಿಕೆ, ಅದರಲ್ಲೂ 7ನ್ನು 9ರಿಂದ ಗುಣಿಸಿದ 63 ಮಹಾಗಂಡಾಂತರ. ಕ್ಲೈಮ್ಯಾಕ್ಟೆರಿಕ್ ಎಂಬ ಪದ ಈಗ ವೈದ್ಯರ ಬಾಯಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ, ಸಸ್ಯವಿಜ್ಞಾನಿಗಳ ಬಾಯಲ್ಲಿ ಬಾಳೆ, ಸೇಬಿನಂತೆ ಕಿತ್ತ ಮೇಲೂ ಮಾಗುವ ಹಣ್ಣುಗಳಿಗೆ ಸಲ್ಲುತ್ತದೆ. ಮಾಗುವಾಗ ಅವುಗಳ ಉಸಿರಾಟ ಒಮ್ಮೆಲೇ ಏರುತ್ತದೆ, ಹೆಸರು ಆ ಏರಿಕೆಗೆ.

ವ್ಯಾಕರಣದ ಎನ್‌ಕ್ಲಿಟಿಕ್ ಕೂಡ ಈ ಮನೆಯದೇ: ಸ್ವಂತ ಒತ್ತಿಲ್ಲದೆ ಹಿಂದಿನ ಪದಕ್ಕೆ ಒರಗಿ ನಿಲ್ಲುವ ತುಣುಕು. ‘ಅವನೂ’ ಎಂಬಲ್ಲಿನ ಊ, ‘ನೀನೇ’ ಎಂಬಲ್ಲಿನ ಏ, ‘ಬಂದನೋ’ ಎಂಬಲ್ಲಿನ ಓ ಎಲ್ಲ ಇಂಥವು. ಇಂಗ್ಲಿಷ್‌ನಲ್ಲಿ ‘ಐ ವಿಲ್’ ಕುಗ್ಗಿ ‘ಐಲ್’ ಆದಾಗ ಉಳಿಯುವ ಲಕಾರ ಹಾಗೇ. ಷಷ್ಠಿಯ ಸಕಾರವೂ ಅಷ್ಟೇ, ‘ದ ಕಿಂಗ್ ಆಫ್ ಇಂಗ್ಲೆಂಡ್ಸ್ ಹ್ಯಾಟ್’ ಎಂಬಲ್ಲಿ ಟೋಪಿ ರಾಜನದು, ಆದರೆ ಸಕಾರ ಒರಗಿದ್ದು ಇಂಗ್ಲೆಂಡಿಗೆ.

ವಿಜ್ಞಾನಕ್ಕೆ ಈ ಧಾತು ಧಾರಾಳವಾಗಿ ಒದಗಿದೆ. ಮೇಲಕ್ಕೆ ಕಮಾನಾಗಿ ಮಡಿಚಿದ ಶಿಲಾಪದರ ಆಂಟಿಕ್ಲೈನ್, ತೊಟ್ಟಿಲಿನಂತೆ ಕೆಳಗೆ ಮಡಿಚಿದ್ದು ಸಿಂಕ್ಲೈನ್. ನೀರಿನ ಆಳಕ್ಕೆ ಇಳಿದಂತೆ ಉಷ್ಣತೆ ಥಟ್ಟನೆ ಬದಲಾಗುವ ಪದರ ಥರ್ಮೋಕ್ಲೈನ್. ಒಂದು ಜೀವಿಯ ಲಕ್ಷಣ ಪ್ರದೇಶದಿಂದ ಪ್ರದೇಶಕ್ಕೆ ಮೆಲ್ಲಮೆಲ್ಲನೆ ಬದಲಾಗುವುದಕ್ಕೆ ಜೂಲಿಯನ್ ಹಕ್ಸ್ಲಿ 1938ರಲ್ಲಿ ಬರೀ ‘ಕ್ಲೈನ್’ ಎಂದು ಹೆಸರಿಟ್ಟರು. ಹರಳುಗಳಲ್ಲಿ ಮಾನೋಕ್ಲಿನಿಕ್‌ಗೆ ಒಂದು ಅಕ್ಷಕೋನ ಓರೆ, ಟ್ರೈಕ್ಲಿನಿಕ್‌ಗೆ ಮೂರೂ ಓರೆ. ಇಲ್ಲೊಂದು ಬಲೆ: ಮೈಕ್ರೋಕ್ಲೈನ್ ಖನಿಜ ಒರಗುವ ಧಾತುವಿನದು, ಅದರ ಸೀಳುಗಳ ನಡುವಿನ ಕೋನ 90 ಡಿಗ್ರಿಯಿಂದ ಒಂಚೂರು ವಾಲಿದೆ ಎಂದು. ಅದರ ಬಂಧು ಖನಿಜಗಳಾದ ಆರ್ಥೋಕ್ಲೇಸ್, ಪ್ಲೇಜಿಯೋಕ್ಲೇಸ್‌ಗಳ ‘ಕ್ಲೇಸ್’ ಮಾತ್ರ ಒಡೆಯುವುದು, ಸೀಳುವುದು ಎಂಬ ಬೇರೆ ಗ್ರೀಕ್ ಪದ.

ಒಲವುಗಳ ತೂಕ

ಲ್ಯಾಟಿನ್‌ನಲ್ಲಿ ಇಳಿಜಾರಿಗೆ ‘ಕ್ಲಿವುಸ್’. ಅದರಿಂದ ಏರು ಎಂಬ ಅರ್ಥದ ಅಕ್ಲಿವಿಟಿ, ಇಳಿಜಾರು ಎಂಬ ಅರ್ಥದ ಡಿಕ್ಲಿವಿಟಿ, ಮನಸ್ಸಿನ ಇಳಿಜಾರಾದ ಪ್ರೊಕ್ಲಿವಿಟಿ. ಮುಂದೆ ಇಳುಕಲು ಇದ್ದರೆ ಕಾಲು ತಾನಾಗಿ ಓಡುತ್ತದೆ, ತಡೆಯಬೇಕಾದರೆ ಪ್ರಯಾಸ. ಪ್ರೊಕ್ಲಿವಿಟಿಗೆ ಹೆಚ್ಚಾಗಿ ಕೆಟ್ಟ ಚಾಳಿಗಳೇ ಜೊತೆಯಾಗುವುದು ಇದರಿಂದ. ಸುಳ್ಳು ಹೇಳುವ ಪ್ರೊಕ್ಲಿವಿಟಿ ಎಂದರೆ ಕೂಡುತ್ತದೆ. ತೋಟಗಾರಿಕೆಯ ಪ್ರೊಕ್ಲಿವಿಟಿ ಎಂದರೆ ಏನೋ ಗುಟ್ಟಿದೆ ಎನಿಸುತ್ತದೆ. ಪ್ರೊಪೆನ್ಸಿಟಿ, ಪೆನ್‌ಶಾಂಟ್ ಎರಡೂ ‘ತೂಗು, ಜೋತುಬೀಳು’ ಎಂಬ ಅರ್ಥದ ಲ್ಯಾಟಿನ್ ಪೆಂಡೆರೆಗೆ ಸೇರಿದವು. ಪ್ರೊಪೆನ್ಸಿಟಿ ನಿರ್ಭಾವದ ಮಾತು, ಲೋಹ ತುಕ್ಕು ಹಿಡಿಯುವ ಪ್ರವೃತ್ತಿಗೂ ಆಗುತ್ತದೆ. ಪೆನ್‌ಶಾಂಟ್‌ಗೆ ಇಷ್ಟ, ಚಪಲ ಬೇಕು, ಅದು ಲೋಹಕ್ಕೆ ಸಲ್ಲದು, ಮುಂದೆ ‘ಫಾರ್’ ಬಿಟ್ಟು ಬೇರೆ ಬರುವುದಿಲ್ಲ. ಲೀನಿಂಗ್ಸ್ ಎಂದು ಬಹುವಚನದಲ್ಲಿ ಬಂದರೆ ಬಹುಪಾಲು ರಾಜಕೀಯ ಒಲವು.

ಬಯಸ್ ಫ್ರೆಂಚ್‌ನ ‘ಬಿಯೆ’, ಓರೆ ಎಂಬ ಅರ್ಥ. ಬೌಲ್ಸ್ ಆಟದ ಚೆಂಡು ನೇರ ಹೋಗದೆ ಬಾಗಿ ಉರುಳುವಂತೆ ಒಂದು ಕಡೆಗೆ ಕೊಡುವ ವಾಲಿಕೆಯೇ ಬಯಸ್, ಪಕ್ಷಪಾತದ ಅರ್ಥ ಅಲ್ಲಿಂದ ಬೆಳೆಯಿತು. ದರ್ಜಿಗಳ ಬಯಸ್ ಕಟ್ ನೂಲಿನ ದಿಕ್ಕಿಗೆ 45 ಡಿಗ್ರಿಯಲ್ಲಿ ಬಟ್ಟೆ ಕತ್ತರಿಸುವುದು. ಆಗ ನೇಯ್ಗೆ ಎಳೆದರೆ ಜಗ್ಗುತ್ತದೆ, ಮೈಗೆ ಕೂರುತ್ತದೆ. ಮನುಷ್ಯನ ಬಗ್ಗೆ ಹೇಳುವಾಗ ‘ಹೀ ಈಸ್ ಬಯಸ್ಡ್’ ಸರಿ, ‘ಹೀ ಈಸ್ ಬಯಸ್’ ತಪ್ಪು. ಈ ತಪ್ಪು ಈಗ ಇಂಗ್ಲಿಷ್ ತಾಯ್ನುಡಿಯವರಲ್ಲೇ ಜೋರಾಗಿದೆ.

ಸ್ಲೋಪ್, ಸ್ಲ್ಯಾಂಟ್, ಟಿಲ್ಟ್ ಒರಗುವ ಧಾತುವಿಗೆ ಹೊರಗಿನವು. ಸ್ಲೋಪ್, ಸ್ಲ್ಯಾಂಟ್‌ಗಳ ಹಿಂದೆ ಜಾರುವ ಅರ್ಥ ಇದೆ, ಟಿಲ್ಟ್ ಹಿಂದೆ ಅಲುಗಾಡುವ, ಬೀಳುವ ಅರ್ಥ. ಬಳಕೆಯಲ್ಲಿ ಸ್ಲೋಪ್ ಮೇಲ್ಮೈಗೆ, ಸ್ಲ್ಯಾಂಟ್ ಗೆರೆ ಮತ್ತು ಬರಹಕ್ಕೆ, ಟಿಲ್ಟ್ ಇದ್ದ ನಿಲುವಿನಿಂದ ಒಂದು ಕಡೆ ಎತ್ತಿದ್ದಕ್ಕೆ. ಸ್ಲೋಪ್ ಅಳತೆ ಹೇಳುವಾಗ ಶೇಕಡಾ ಮತ್ತು ಡಿಗ್ರಿ ಬೆರೆಸಬಾರದು. 12 ಅಡಿ ಮುಂದೆ ಹೋದಾಗ 1 ಅಡಿ ಏರುವ ದಾರಿಗೆ ಶೇಕಡಾ 8.33, ಕೋನದಲ್ಲಿ 4.8 ಡಿಗ್ರಿ. ಶೇಕಡಾ 100 ಅಂದರೆ ಲಂಬ ಗೋಡೆ ಎಂದುಕೊಳ್ಳುವವರು ಬಹಳ. ಅದು 45 ಡಿಗ್ರಿ. ಆಸರೆ ಇಲ್ಲದೆ ತಾನಾಗಿ ವಾಲಿ ನಿಂತದ್ದಕ್ಕೂ ಲೀನ್ ಸಲ್ಲುತ್ತದೆ. ಪೀಸಾದ ಗೋಪುರ ಅಂಥದು, 1990ರಲ್ಲಿ ಮುಚ್ಚಿದಾಗ ಸುಮಾರು 5.5 ಡಿಗ್ರಿ ವಾಲಿತ್ತು. ವಾಲಿದ್ದರ ಎದುರು ಬದಿಯ ತಳದಿಂದ ಮಣ್ಣು ತೆಗೆದು ಸುಮಾರು 4 ಡಿಗ್ರಿಗೆ ತಂದು 2001ರ ಡಿಸೆಂಬರಿನಲ್ಲಿ ಮತ್ತೆ ತೆರೆದರು.

ಹಡಗಿನವರು ಈ ವಿಷಯದಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟು. ಗಾಳಿಗೋ ತಿರುವಿಗೋ ಹಡಗು ಮಗ್ಗುಲಿಗೆ ವಾಲಿದರೆ ಹೀಲ್. ಹೊರಗಿನ ಒತ್ತಡ ಹೋದೊಡನೆ ಅದು ನೆಟ್ಟಗಾಗುತ್ತದೆ. ಸರಕು ಸರಿದೋ ನೀರು ನುಗ್ಗಿಯೋ ವಾಲಿದರೆ ಲಿಸ್ಟ್. ಒಳಗಿನ ಭಾರ ಸರಿಪಡಿಸುವ ತನಕ ಅದು ಹಾಗೇ ಇರುತ್ತದೆ. ಗಾಳಿಗೆ ಬಾಗಿದ ಹಾಯಿದೋಣಿಗೆ ಲಿಸ್ಟ್ ಎಂದು ಬರೆದರೆ ದೋಣಿ ಮುಳುಗುತ್ತಿದೆ ಎಂದೇ ಬಲ್ಲವರು ಓದುತ್ತಾರೆ. ಹೀಲ್ ಪದಕ್ಕೆ ಹಿಮ್ಮಡಿಯ ನಂಟಿಲ್ಲ. ಅದು ಹಳೆಯ ಇಂಗ್ಲಿಷ್‌ನ ‘ಹೀಲ್ದನ್’, ಬಾಗು ಎಂಬ ಕ್ರಿಯಾಪದ. ಅದರ ಕೊನೆಯ ದಕಾರ ಭೂತಕಾಲದ ಪ್ರತ್ಯಯ ಇರಬೇಕೆಂದು ಭಾವಿಸಿ ಜನ ಅದನ್ನು ಕಿತ್ತುಹಾಕಿದರು, 16ನೇ ಶತಮಾನದಿಂದ ಬರೀ ಹೀಲ್. ಲಿಸ್ಟ್‌ಲೆಸ್ ಎಂಬುದಕ್ಕೂ ಹಡಗಿನ ಲಿಸ್ಟ್‌ಗೂ ಸಂಬಂಧ ಇದೆಯೋ ಇಲ್ಲವೋ ಖಚಿತವಿಲ್ಲ, ಲಿಸ್ಟ್‌ಲೆಸ್‌ನಲ್ಲಿರುವುದು ಬಯಕೆ ಎಂಬ ಹಳೆಯ ಪದ. ರೈಲು ಹಳಿಯ ತಿರುವಿನಲ್ಲಿ ಹೊರಗಿನ ಹಳಿಯನ್ನು ಎತ್ತರಿಸುವುದು ಕ್ಯಾಂಟ್. ಲೆಕ್ಕಕ್ಕಿಂತ ನಿಧಾನ ಹೋದ ಗಾಡಿಯ ಭಾರ ಒಳಹಳಿಯ ಮೇಲೆ ಬಿದ್ದು ಅದು ಸವೆಯುತ್ತದೆ; ವೇಗವಾಗಿ ಹೋದರೆ ಕ್ಯಾಂಟ್ ಸಾಲದೆ ಪ್ರಯಾಣಿಕರು ಹೊರಮಗ್ಗುಲಿಗೆ ವಾಲುತ್ತಾರೆ.